ವಾದ ಕಲಿತ ವಕೀಲರು ರಾಜಿ ಕಲಿಯುವುದು ಹೇಗೆ

ಮುಂಬೈ ಫೋರ್ಟಿನಲ್ಲಿರುವ ನನ್ನ ಆಫೀಸಿನ ಕಪಾಟಿನಲ್ಲಿ ಒಂದು ದಪ್ಪ ಫೈಲು ಇದೆ. ಅದರೊಳಗೆ ಇರುವುದೆಲ್ಲ ಇಂಗ್ಲಿಷ್. ನೋಟಿಸು, ನೋಟಿಸಿಗೆ ಉತ್ತರ, ದಾವೆ, ಅಫಿಡವಿಟ್ಟು, ಅದಕ್ಕೆ ಉತ್ತರವಾಗಿ ಇನ್ನೊಂದು ಅಫಿಡವಿಟ್ಟು. ಜಗಳ ಆಡಿದವರು ಇಬ್ಬರೂ ನಮ್ಮೂರ ಕಡೆಯವರು. ಒಬ್ಬರ ಮನೆ ಕಾರ್ಕಳದ ಹತ್ತಿರ, ಇನ್ನೊಬ್ಬರದು ಕಾಪುವಿನಲ್ಲಿ. ಇಬ್ಬರೂ ಹೋಟೆಲಿನವರು. ಎರಡು ವರ್ಷ ಅವರು ಒಬ್ಬರಿಗೊಬ್ಬರು ಹೇಳಿದ ಮಾತೆಲ್ಲ ಅವರಿಗೇ ಸರಿಯಾಗಿ ಓದಲು ಬಾರದ ಭಾಷೆಯಲ್ಲಿತ್ತು. ಅದನ್ನು ಬರೆದವರು ನಾವು, ವಕೀಲರು.

ಆಮೇಲೆ ಒಂದು ದಿನ ಮಧ್ಯಸ್ಥಿಕೆಯ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಅರ್ಧ ಗಂಟೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಹಾ ಬಂತು. ಲೋಟ ಕೆಳಗಿಟ್ಟು ಕಿರಿಯವರು ತುಳುವಿನಲ್ಲಿ ಹೇಳಿದರು: 'ಅಣ್ಣಾ, ನಾನು ಓಡಿ ಹೋಗುವವ ಅಲ್ಲ. ಜನರ ಹತ್ತಿರ ಹಾಗೆ ಹೇಳಿದ್ದು ಯಾಕೆ?'

ಅಷ್ಟು ದಪ್ಪದ ಫೈಲಿನಲ್ಲಿ ಈ ಒಂದು ಮಾತು ಎಲ್ಲೂ ಇರಲಿಲ್ಲ. ಆದರೆ ಜಗಳ ಇದ್ದದ್ದೇ ಅಲ್ಲಿ.

ಇದನ್ನು ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗಬಾರದು ಅಂತ ಊರು, ಮೊತ್ತ, ಕೆಲವು ವಿವರ ಬದಲಾಯಿಸಿದ್ದೇನೆ. ನಮ್ಮವರ ಮನೆಯ ಎಷ್ಟೋ ಮಕ್ಕಳು ಈಗ ಮುಂಬೈ, ಪುಣೆಯಲ್ಲಿ ಲಾ ಓದುತ್ತಿದ್ದಾರೆ. ಕೋರ್ಟಿನಲ್ಲಿ ಹೇಗೆ ವಾದ ಮಾಡಬೇಕು ಅಂತ ಅವರು ಕಲಿಯುತ್ತಾರೆ. ಮಾತುಕತೆ ಮಾಡುವುದು, ರಾಜಿ ಮಾಡಿಸುವುದು ಕೂಡ ಕೂತು ಕಲಿಯಬೇಕಾದ ಕೆಲಸ ಅಂತ ಅವರಿಗೆ ಯಾರಾದರೂ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಜಗಳ ಏನು ಅಂತ ಹೇಳುತ್ತೇನೆ. ಮುಂಬೈ ಹೋಟೆಲಿನವರಿಗೆ 'ಕಂಡಕ್ಟಿಂಗ್' ಅನ್ನುವ ಪದ ಹೊಸದಲ್ಲ. ಹೋಟೆಲು ಒಬ್ಬರದು, ಲೈಸೆನ್ಸೂ ಅವರ ಹೆಸರಲ್ಲೇ, ನಡೆಸುವವರು ಮಾತ್ರ ಇನ್ನೊಬ್ಬರು. ನಡೆಸುವವರು ಒಂದು ದೊಡ್ಡ ಡಿಪಾಸಿಟ್ ಇಡುತ್ತಾರೆ. ತಿಂಗಳಿಗೆ ಇಷ್ಟು ಅಂತ ಮಾಲೀಕರಿಗೆ ಕೊಡುತ್ತಾರೆ. ಖರ್ಚು ಕಳೆದು ಗಲ್ಲಾದಲ್ಲಿ ಉಳಿದದ್ದು ಅವರದು. ಇಲ್ಲಿ ಡಿಪಾಸಿಟ್ 15 ಲಕ್ಷ, ತಿಂಗಳಿಗೆ 90 ಸಾವಿರ. ವ್ಯಾಪಾರ ಬಿದ್ದು 8 ತಿಂಗಳು ಬಾಕಿಯಾಯಿತು. ಅಂದರೆ 7 ಲಕ್ಷ 20 ಸಾವಿರ. ಮಾಲೀಕರು, 'ಡಿಪಾಸಿಟ್ ಮುಳುಗಿತು ಅಂದುಕೋ, ಇವತ್ತೇ ಬೀಗದಕೈ ಕೊಡು' ಅಂದರು. ನಡೆಸುವವರು, 'ಅಡುಗೆಮನೆಗೆ ನಾನು 5 ಲಕ್ಷ ಹಾಕಿದ್ದೇನೆ, ಡಿಪಾಸಿಟ್ ಸೇರಿಸಿ 20 ಲಕ್ಷ ಕೊಟ್ಟರೆ ಬೀಗದಕೈ' ಅಂದರು. ನಾನು ಈ ನಡೆಸುವವರ ವಕೀಲ.

ಇಂಥ ಕರಾರು ಜಾಗದ ಲೈಸೆನ್ಸಾ, ಅಂದರೆ ಜಾಗ ಬಳಸಲು ಕೊಟ್ಟ ಅನುಮತಿಯಾ, ಇಲ್ಲ ವ್ಯಾಪಾರ ನಡೆಸುವ ಒಪ್ಪಂದವಾ? ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗಬೇಕಾ, ಸಿಟಿ ಸಿವಿಲ್ ಕೋರ್ಟಿಗಾ ಅನ್ನುವುದು ಅದರ ಮೇಲೆ ನಿಂತಿದೆ. ಈ ಒಂದು ಪ್ರಶ್ನೆಯಲ್ಲೇ ತಾರೀಖಿನ ಮೇಲೆ ತಾರೀಖು ಹೋಗುತ್ತದೆ. ದುಡ್ಡಿನ ಮಾತು ಇನ್ನೂ ಶುರುವೇ ಆಗಿರುವುದಿಲ್ಲ. 'ಗೆದ್ದವ ಸೋತ, ಸೋತವ ಸತ್ತ' ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಕೋರ್ಟಿನ ಹೊರಗೆ ಇತ್ಯರ್ಥ ಮಾಡಿಕೊಳ್ಳುವ ದಾರಿಗಳು ಹಲವು ಇವೆ. ಹೆಸರುಗಳೆಲ್ಲ ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ, ಅದಕ್ಕೇ ಜನ ಗಲಿಬಿಲಿ ಆಗುತ್ತಾರೆ. ಒಂದು ಪ್ರಶ್ನೆ ಕೇಳಿಕೊಂಡರೆ ಎಲ್ಲ ಬಿಡಿಸಿಕೊಳ್ಳುತ್ತದೆ: ಕೊನೆಯ ಮಾತು ಯಾರದು?

ಇಬ್ಬರೇ ಕೂತು, ಅಥವಾ ಅವರ ಪರವಾಗಿ ವಕೀಲರು ಕೂತು ಮಾತಾಡಿದರೆ ಅದು ಮಾತುಕತೆ, ಇಂಗ್ಲಿಷಿನವರ ನೆಗೋಷಿಯೇಷನ್. ನಡುವೆ ಮೂರನೆಯವರು ಬಂದು ಮಾತು ಮುಂದುವರಿಯುವ ಹಾಗೆ ನೋಡಿಕೊಂಡರೆ ಅದು ಮಧ್ಯಸ್ಥಿಕೆ, ಮೀಡಿಯೇಷನ್. ಈ ಮೂರನೆಯವರು ತೀರ್ಪು ಕೊಡುವುದಿಲ್ಲ. ಯಾರು ಸರಿ ಅಂತಲೂ ಹೇಳುವುದಿಲ್ಲ. ಕೊನೆಯ ಮಾತು ಜಗಳ ಆಡಿದವರದ್ದೇ. ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಸಂಧಾನ ಅಂತ ಇನ್ನೊಂದಿತ್ತು, ಕನ್ಸಿಲಿಯೇಷನ್. ಅದರಲ್ಲಿ ಮೂರನೆಯವರು ತಾವೇ ಒಂದು ಪರಿಹಾರ ಮುಂದಿಡಬಹುದು. 2023ರ ಮಧ್ಯಸ್ಥಿಕೆ ಕಾಯಿದೆ ಅದನ್ನೂ ಮಧ್ಯಸ್ಥಿಕೆಯ ವ್ಯಾಖ್ಯೆಯೊಳಗೇ ಸೇರಿಸಿಕೊಂಡಿದೆ.

ಆರ್ಬಿಟ್ರೇಷನ್ ಪೂರ್ತಿ ಬೇರೆ. ಅಲ್ಲಿ ಕೂತವರು ನ್ಯಾಯಾಧೀಶರ ಹಾಗೆ ಸಾಕ್ಷಿ ನೋಡಿ, ವಾದ ಕೇಳಿ ತೀರ್ಪು ಕೊಡುತ್ತಾರೆ. ಆ ತೀರ್ಪಿಗೆ ಅವಾರ್ಡ್ ಅಂತ ಹೆಸರು. ಇಷ್ಟ ಆಗದಿದ್ದರೂ ಅದು ಕಟ್ಟಿಹಾಕುತ್ತದೆ. 1996ರ ಆರ್ಬಿಟ್ರೇಷನ್ ಕಾಯಿದೆಯ 34ನೇ ಸೆಕ್ಷನ್ನಿನಲ್ಲಿ ಹೇಳಿದ ಕೆಲವೇ ಕಾರಣಗಳಿಗೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ದೊಡ್ಡ ಕಂಪನಿಗಳ ಕರಾರಿನಲ್ಲಿ ಈ ಷರತ್ತು ಮೊದಲೇ ಬರೆದಿರುತ್ತಾರೆ. ಮುಂಬೈಯಲ್ಲಿ ಇದಕ್ಕಾಗಿಯೇ 2016ರಿಂದ ಒಂದು ಅಂತರರಾಷ್ಟ್ರೀಯ ಕೇಂದ್ರ ಕೆಲಸ ಮಾಡುತ್ತಿದೆ. ನನ್ನ ಮಟ್ಟಿಗೆ ಆರ್ಬಿಟ್ರೇಷನ್ ಕೋರ್ಟಿಗೇ ಹತ್ತಿರ, ರಾಜಿಗೆ ದೂರ. ಅಲ್ಲಿಯೂ ಬೇಕಾಗುವುದು ವಾದದ ವಿದ್ಯೆಯೇ.

ಲೋಕ ಅದಾಲತ್ ಎಲ್ಲರಿಗೂ ಗೊತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಅದಕ್ಕೆ ಬಲ ಕೊಟ್ಟಿತು. ಅಲ್ಲಿ ಆದ ರಾಜಿ ಡಿಕ್ರಿಗೆ, ಅಂದರೆ ಕೋರ್ಟಿನ ತೀರ್ಪಿನ ಆದೇಶಕ್ಕೆ ಸಮ. ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್. ವಾಹನ ಅಪಘಾತದ ಪರಿಹಾರ, ಚೆಕ್ ಬೌನ್ಸ್, ಬ್ಯಾಂಕ್ ಬಾಕಿ ಇಂಥವಕ್ಕೆ ಅದು ಒಳ್ಳೆಯ ಜಾಗ. ಆದರೆ ಒಂದೇ ದಿನ ಸಾಲುಸಾಲು ಕೇಸುಗಳು ಇರುತ್ತವೆ. 'ಅಣ್ಣಾ, ನಾನು ಓಡಿ ಹೋಗುವವ ಅಲ್ಲ' ಅನ್ನುವ ಮಾತು ಹೊರಗೆ ಬರಲು ಬೇಕಾದ ಆ ಅರ್ಧ ಗಂಟೆಯ ಮೌನ ಅಲ್ಲಿ ಸಿಗುವುದು ಕಷ್ಟ.

ಈಗ ಸ್ವಲ್ಪ ಕಾನೂನು. ಸಿವಿಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಸಿವಿಲ್ ಪ್ರೊಸೀಜರ್ ಕೋಡಿನ 89ನೇ ಸೆಕ್ಷನ್ ಈಗಿನ ರೂಪದಲ್ಲಿ ಜಾರಿಗೆ ಬಂದದ್ದು 2002ರ ಜುಲೈ 1ರಿಂದ. ರಾಜಿಯ ಸಾಧ್ಯತೆ ಕಂಡರೆ ಕೋರ್ಟು ಕೇಸನ್ನು ಈ ದಾರಿಗಳಲ್ಲಿ ಒಂದಕ್ಕೆ ಕಳಿಸಬೇಕು ಅಂತ ಅದು ಹೇಳುತ್ತದೆ. ಅದನ್ನು ಬರೆಯುವಾಗ ಒಂದು ಎಡವಟ್ಟು ಆಗಿತ್ತು. 'ಮಧ್ಯಸ್ಥಿಕೆ' ಮತ್ತು 'ನ್ಯಾಯಾಂಗ ಇತ್ಯರ್ಥ' (ನ್ಯಾಯಾಧೀಶರೊಬ್ಬರ ನೆರವಿನಿಂದ ಆಗುವ ರಾಜಿ) ಈ ಎರಡರ ವಿವರಣೆ ಅದಲುಬದಲಾಗಿತ್ತು. 2010ರಲ್ಲಿ ಆಫ್ಕಾನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ತಪ್ಪನ್ನು ತೋರಿಸಿ, ಹೇಗೆ ಓದಿಕೊಳ್ಳಬೇಕು ಅಂತ ಹೇಳಿತು. ಯಾವ ಕೇಸು ರಾಜಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅಂತಲೂ ಅದೇ ತೀರ್ಪಿನಲ್ಲಿ ಪಟ್ಟಿ ಇದೆ. ವ್ಯಾಪಾರ, ಪಾಲುದಾರಿಕೆ, ಗಂಡ ಹೆಂಡತಿ, ಅಣ್ಣ ತಮ್ಮ, ಮಾಲೀಕ ಬಾಡಿಗೆದಾರ, ಅಕ್ಕಪಕ್ಕದ ಮನೆ, ಹೌಸಿಂಗ್ ಸೊಸೈಟಿ. ಮುಂಬೈಯ ಬದುಕೆಲ್ಲ ಆ ಪಟ್ಟಿಯಲ್ಲಿದೆ ಅಲ್ವಾ? ಲಾ ಓದುವವರು ಈ ಒಂದು ತೀರ್ಪನ್ನಾದರೂ ಪೂರ್ತಿ ಓದಬೇಕು.

ವ್ಯಾಪಾರದ ಜಗಳಕ್ಕೆ ಇನ್ನೊಂದು ನಿಯಮ ಇದೆ. 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ, ದಾವೆ ಹಾಕುವ ಮುಂಚೆಯೇ ಮಧ್ಯಸ್ಥಿಕೆಗೆ ಹೋಗಬೇಕು. ಕಮರ್ಷಿಯಲ್ ಕೋರ್ಟ್ಸ್ ಕಾಯಿದೆಗೆ 2018ರಲ್ಲಿ ಸೇರಿಸಿದ 12ಎ ಸೆಕ್ಷನ್ ಇದು. ಇದು ಕಡ್ಡಾಯ, ಬಿಟ್ಟರೆ ದಾವೆ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ಪಾಟೀಲ್ ಆಟೋಮೇಷನ್ ಕೇಸಿನಲ್ಲಿ ಖಚಿತ ಮಾಡಿತು. ಆದರೆ ಎದುರು ಪಕ್ಷದವರು ಬರದೇ ಇದ್ದರೆ ಏನಾಗುತ್ತದೆ? 'ನಾನ್-ಸ್ಟಾರ್ಟರ್ ರಿಪೋರ್ಟ್' ಅಂತ ಒಂದು ಕಾಗದ ಸಿಗುತ್ತದೆ. ಅದನ್ನು ಲಗತ್ತಿಸಿ ದಾವೆ ಹಾಕಬಹುದು. ಆ ಕಾಗದಕ್ಕಾಗಿಯೇ ಅರ್ಜಿ ಹಾಕುವ ವಕೀಲರು ಇದ್ದಾರೆ. ಎದುರು ಪಕ್ಷಕ್ಕೆ ಒಂದು ಫೋನ್ ಕೂಡ ಮಾಡಿರುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಕಾನೂನು ಬಾಗಿಲು ತೆಗೆದು ಕೊಟ್ಟಿದೆ, ಒಳಗೆ ಹೋಗಿ ಮಾತಾಡಲು ನಮಗೆ ಬರುತ್ತಿಲ್ಲ.

2023ರ ಮಧ್ಯಸ್ಥಿಕೆ ಕಾಯಿದೆ 120 ದಿನದ ಗಡುವು ಇಡುತ್ತದೆ, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ. ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದವನ್ನು ಡಿಕ್ರಿಯ ಹಾಗೆ ಜಾರಿ ಮಾಡಬಹುದು ಅನ್ನುತ್ತದೆ. ಮೋಸ, ಭ್ರಷ್ಟಾಚಾರ, ಬೇರೆಯವರ ಹೆಸರಲ್ಲಿ ಬಂದು ಸಹಿ ಹಾಕಿದ್ದು ಇಂಥ ಕೆಲವೇ ಕಾರಣಕ್ಕೆ ಅದನ್ನು ಪ್ರಶ್ನಿಸಲು ಸಾಧ್ಯ. ಈ ಕಾಯಿದೆಯ ಕೆಲವು ಸೆಕ್ಷನ್‌ಗಳು ಮಾತ್ರ 2023ರ ಅಕ್ಟೋಬರ್ 9ರಂದು ಜಾರಿಗೆ ಬಂದವು, ಎಲ್ಲ ಒಟ್ಟಿಗೆ ಬರಲಿಲ್ಲ. ಹಾಗಾಗಿ ಬಳಸುವ ಮುಂಚೆ ಆ ಸೆಕ್ಷನ್ ಜಾರಿಯಲ್ಲಿದೆಯಾ ಅಂತ ನೋಡಿಕೊಳ್ಳಿ.

ಕಾನೂನು ಇಷ್ಟು. ನಿಜವಾದ ಕಲಿಕೆ ಇರುವುದು ಇದರ ಆಚೆಗೆ.

ನಮ್ಮ ಮುಂಬೈಯ ಗವರ್ನಮೆಂಟ್ ಲಾ ಕಾಲೇಜು ಶುರುವಾದದ್ದು 1855ರಲ್ಲಿ. ಅಂದಿನಿಂದ ಈ ಊರು ದೊಡ್ಡ ದೊಡ್ಡ ವಾದಿಗಳನ್ನು ಕೊಟ್ಟಿದೆ. ಮಾತುಕತೆಯ ವಿದ್ಯೆ ಪಾಠದೊಳಗೆ ಬಂದದ್ದು ಬಹಳ ತಡವಾಗಿ. ವಕೀಲರ ವೃತ್ತಿಗೆ ನಿಯಮ ಮಾಡುವ ಬಾರ್ ಕೌನ್ಸಿಲಿನ 2008ರ ಶಿಕ್ಷಣ ನಿಯಮಗಳಲ್ಲಿ ಇದು ಕಡ್ಡಾಯದ ಪ್ರಾಯೋಗಿಕ ವಿಷಯಗಳಲ್ಲಿ ಒಂದು. 2020ರಲ್ಲಿ ಮಧ್ಯಸ್ಥಿಕೆಯನ್ನೂ ಕಡ್ಡಾಯ ಮಾಡಿದರು. ಒಳ್ಳೆಯದೇ ಆಯಿತು. ಆದರೆ ಎಷ್ಟೋ ಕಡೆ ಇದು ಇನ್ನೂ ಬರೆಯುವ ಪರೀಕ್ಷೆಯೇ. 89ನೇ ಸೆಕ್ಷನ್ ಮೇಲೆ ಟಿಪ್ಪಣಿ ಬರೆದರೆ ಅಂಕ ಸಿಗುತ್ತದೆ. ಎದುರಿಗೆ ಕೂತ ಮನುಷ್ಯ ಯಾವ ಮಾತು ಬಂದಾಗ ಕಣ್ಣು ತಪ್ಪಿಸಿದ ಅಂತ ಗಮನಿಸಿದರೆ ಅಂಕ ಇಲ್ಲ.

ಗಮನಿಸಲು ಬಾರದೆ ನಾನು ಮಾಡಿದ ಒಂದು ತಪ್ಪು ಹೇಳಬೇಕು. ವಕೀಲಿಕೆ ಶುರು ಮಾಡಿದ ಹೊಸತು. ಗಿರ್‌ಗಾಂವಿನ ಚಾಳಿನ ಒಂದು ಪಗಡಿ ಖೋಲಿಯ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಕೋಣೆಯ) ವಿಷಯದಲ್ಲಿ ಅಣ್ಣ ತಂಗಿಯರ ಜಗಳ. ನಾನು ಅಣ್ಣನ ಕಡೆ. ಮೊದಲ ಭೇಟಿಯಲ್ಲಿ ತಂಗಿ ಒಂದು ಹಳೆಯ ಪತ್ರ ತೆಗೆದು ಮೇಜಿನ ಮೇಲೆ ಇಟ್ಟರು. ನಾನು ಓದಿ, 'ಇದು ಸೃಷ್ಟಿ ಮಾಡಿದ ಪತ್ರ, ಕೋರ್ಟಿನಲ್ಲಿ ನಿಲ್ಲುವುದಿಲ್ಲ' ಅಂದೆ. ಕೋರ್ಟಿನಲ್ಲಾದರೆ ಅದು ಸರಿಯಾದ ಮಾತೇ. ಆಕೆ ಏನೂ ಹೇಳಲಿಲ್ಲ. ಪತ್ರ ಮಡಚಿದರು, ಬ್ಯಾಗಿಗೆ ಹಾಕಿದರು, ಎದ್ದು ಹೋದರು. ಕೇಸು ಮತ್ತೆ ನಾಲ್ಕು ವರ್ಷ ನಡೆಯಿತು. ಮುಗಿಯುವ ಮುಂಚೆ ಅವರ ತಾಯಿ ತೀರಿಕೊಂಡರು. ಆ ಪತ್ರ ಅವರ ತಂದೆ ಬರೆದದ್ದು ಅಂತ ನನಗೆ ಗೊತ್ತಾದದ್ದು ಆಮೇಲೆ. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ಮಗಳಿಗೆ ಮಾತ್ರ ಅದು ಅಪ್ಪನ ಕೈಬರಹ. ನಾನು ಅವರ ಅಪ್ಪನನ್ನು ಸುಳ್ಳುಗಾರ ಅಂದಿದ್ದೆ.

ಮಧ್ಯಸ್ಥರಾಗಲು 40 ಗಂಟೆಯ ತರಬೇತಿ ಇದೆ. ಸುಪ್ರೀಂ ಕೋರ್ಟು 2005ರಲ್ಲಿ ಇದಕ್ಕಾಗಿ ಒಂದು ಸಮಿತಿ ಮಾಡಿತು, ಆ ಸಮಿತಿ ರೂಪಿಸಿದ ಕ್ರಮ ಇದು. ವಕೀಲರಾಗಿಯೇ ಇರುವವರಿಗೂ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಪುಸ್ತಕಕ್ಕಿಂತ ಜಾಸ್ತಿ ನಾಟಕ. ಒಬ್ಬರು ಮಾಲೀಕ, ಒಬ್ಬರು ಬಾಡಿಗೆದಾರ, ಇಬ್ಬರು ವಕೀಲರು, ಒಬ್ಬರು ಮಧ್ಯಸ್ಥ. ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡುತ್ತಾರೆ. ನಾನು ಬಾಡಿಗೆದಾರ. ನನ್ನ ಚೀಟಿಯಲ್ಲಿ ಹೀಗಿತ್ತು: 'ಮಗಳ ಮದುವೆ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಈ ಮನೆ ಬಿಡಲು ಆಗುವುದಿಲ್ಲ. ಆಮೇಲೆ ಬಿಡಲು ತಯಾರು. ಯಾರಾದರೂ ಕೇಳಿದರೆ ಮಾತ್ರ ಹೇಳಿ.' ಎದುರಿಗೆ ಕೂತವರು ಇಪ್ಪತ್ತು ವರ್ಷ ಅನುಭವದ ವಕೀಲರು. ಬಾಡಿಗೆ ರಸೀದಿ ಕೇಳಿದರು, ಲೈಟ್ ಬಿಲ್ ಕೇಳಿದರು, ರೇಷನ್ ಕಾರ್ಡಿನ ವಿಳಾಸ ಕೇಳಿದರು. ನಲವತ್ತು ನಿಮಿಷ ಆಯಿತು. 'ನಿಮಗೆ ಮನೆ ಎಲ್ಲಿಯವರೆಗೆ ಬೇಕು?' ಅಂತ ಒಬ್ಬರೂ ಕೇಳಲಿಲ್ಲ. ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ಫೆಬ್ರವರಿಯ ಆಮೇಲೆ ಬಿಡಿ ಅಂದಿದ್ದರೆ ಎರಡು ನಿಮಿಷದಲ್ಲಿ ಮುಗಿಯುವ ಜಗಳ ಅದು.

ನಾವು ಕೋರ್ಟಿಗೆ ಬೇಕಾದ ಪ್ರಶ್ನೆ ಮಾತ್ರ ಕೇಳುತ್ತೇವೆ. ಕಕ್ಷಿದಾರರು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಒಂದು ಗಂಟೆ ಕಷ್ಟ ಹೇಳಿಕೊಳ್ಳುತ್ತಾರೆ. ದಾವೆಗೆ ಬೇಕಾದ ನಾಲ್ಕು ಸಾಲು ನಾವು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತೇವೆ, ಮಿಕ್ಕದ್ದು ಬಿಟ್ಟುಬಿಡುತ್ತೇವೆ. ರಾಜಿಯ ದಾರಿ ಬಹಳ ಸಲ ಆ ಮಿಕ್ಕದ್ದರಲ್ಲೇ ಇರುತ್ತದೆ. ಮಾತುಕತೆ ಕಲಿಯುವುದು ಅಂದರೆ ಹಿಂದೆ ಹೋಗಿ ಅದನ್ನು ಹುಡುಕುವುದು.

ಹುಡುಕಲು ಕೆಲವು ಉಪಾಯಗಳು ಇವೆ. ಮೊದಲನೆಯದು ಪಟ್ಟು ಬೇರೆ, ಅಗತ್ಯ ಬೇರೆ ಅಂತ ತಿಳಿಯುವುದು. ಬಾಯಲ್ಲಿ ಹೇಳುವುದು ಪಟ್ಟು. ಹೊಟ್ಟೆಯೊಳಗೆ ಇಟ್ಟುಕೊಂಡಿರುವುದು ಅಗತ್ಯ. ನನ್ನ ಕಕ್ಷಿದಾರರ ಪಟ್ಟು 20 ಲಕ್ಷ. ಅವರ ಅಗತ್ಯ ಏನು? ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಇನ್ನೊಂದು ಹೋಟೆಲು ಮಾತಾಗಿತ್ತು. ಅದಕ್ಕೆ 10 ಲಕ್ಷ ಡಿಪಾಸಿಟ್ ಬೇಕು, ಅದೂ ದೀಪಾವಳಿಯ ಒಳಗೆ. ಹದಿನಾಲ್ಕು ಜನ ಹುಡುಗರು ಅವರನ್ನೇ ನಂಬಿಕೊಂಡಿದ್ದರು. ಇನ್ನೊಂದು, ಬಾಕಿ ಇಟ್ಟು ಓಡಿ ಹೋದವ ಅನ್ನುವ ಹೆಸರು. ಆ ಹೆಸರು ಬಂದರೆ ಠಾಣೆಯ ಮಾಲೀಕರು ಹೋಟೆಲು ಕೊಡುವುದಿಲ್ಲ, ಹಾಲಿನವರು, ಕಿರಾಣಿಯವರು ಸಾಲ ಕೊಡುವುದಿಲ್ಲ. ಮಾಲೀಕರ ಪಟ್ಟು, ಒಂದು ಪೈಸೆ ಕೊಡುವುದಿಲ್ಲ. ಅವರ ಅಗತ್ಯ, ಅಪ್ಪನ ಕಾಲದ ಹೋಟೆಲಿಗೆ ಬೀಗ ಬೀಳಬಾರದು. ಹೊಸಬರೊಬ್ಬರು 20 ಲಕ್ಷ ಡಿಪಾಸಿಟ್ ಹಿಡಿದು ಕಾಯುತ್ತಿದ್ದರು, ಅವರೂ ದೀಪಾವಳಿಯವರೆಗೆ ಮಾತ್ರ. ಇಬ್ಬರಿಗೂ ಬೇಕಾದ ತಾರೀಖು ಒಂದೇ ಆಗಿತ್ತು. ಎರಡು ವರ್ಷದ ಕಾಗದದಲ್ಲಿ ಅದು ಎಲ್ಲೂ ಬಂದಿರಲಿಲ್ಲ.

ಎರಡನೆಯದು ಒಂದು ಲೆಕ್ಕ. ಇವತ್ತು ರಾಜಿ ಆಗದಿದ್ದರೆ ನಮ್ಮ ಕೈಯಲ್ಲಿ ಉಳಿಯುವ ದಾರಿಗಳಲ್ಲಿ ಒಳ್ಳೆಯದು ಯಾವುದು? ಈ ವಿದ್ಯೆ ಕಲಿಸುವವರು ಅದಕ್ಕೆ 'ಬಾಟ್ನಾ' ಅಂತ ಹೆಸರಿಟ್ಟಿದ್ದಾರೆ. ಹೆಸರು ಏನಾದರೂ ಇರಲಿ, ಲೆಕ್ಕ ಮಾತ್ರ ಪ್ರಾಮಾಣಿಕವಾಗಿ ಮಾಡಬೇಕು. ನಾನು ಕಕ್ಷಿದಾರರ ಜೊತೆ ಪೆನ್ಸಿಲ್ ಹಿಡಿದು ಕೂತೆ. ಕೋರ್ಟಿನಲ್ಲಿ ನಾವು ಹೇಳಿದ್ದೆಲ್ಲ ಒಪ್ಪಿದರು ಅಂತಲೇ ಇಟ್ಟುಕೊಳ್ಳೋಣ. ಆದರೂ ಬಾಕಿ ಕೊಡಬೇಕಾದದ್ದು ನಿಜ. 20ರಲ್ಲಿ 7 ಲಕ್ಷ 20 ಸಾವಿರ ಕಳೆದರೆ 12 ಲಕ್ಷ 80 ಸಾವಿರ. ಅದು ಬರುವುದು ಯಾವ ವರ್ಷ ಅಂತ ನಾನು ಹೇಳಲಾರೆ. ಅಷ್ಟರಲ್ಲಿ ಠಾಣೆಯ ಹೋಟೆಲು ಬೇರೆಯವರ ಕೈಗೆ ಹೋಗಿರುತ್ತದೆ. ಅಡುಗೆಮನೆಯ 5 ಲಕ್ಷಕ್ಕೆ ಪೂರ್ತಿ ಬಿಲ್ಲೂ ಇಲ್ಲ. ಅವರು ತುಂಬಾ ಹೊತ್ತು ಆ ಕಾಗದ ನೋಡಿದರು. 'ಹಾಗಾದರೆ ನಾನು ಗೆದ್ದರೂ 20 ಇಲ್ಲ' ಅಂದರು. ಈ ಮಾತು ಕಕ್ಷಿದಾರರ ಬಾಯಿಂದಲೇ ಬರಬೇಕು. ವಕೀಲರು ಹೇಳಿದರೆ, ಇವರು ಎದುರು ಪಕ್ಷಕ್ಕೆ ಮಾರಿಕೊಂಡರಾ ಅನ್ನಿಸುತ್ತದೆ.

ಇದೇ ಲೆಕ್ಕವನ್ನು ಎದುರಿನವರ ಪರವಾಗಿಯೂ ಮಾಡಿ ನೋಡಬೇಕು. ಬಾಕಿ ಕಳೆದು ಡಿಪಾಸಿಟ್ಟಿನಲ್ಲಿ ಮಾಲೀಕರು ವಾಪಸ್ ಕೊಡಬೇಕಾದದ್ದು 7 ಲಕ್ಷ 80 ಸಾವಿರ. ಅಡುಗೆಮನೆಯ ಸಾಮಾನು ಅಲ್ಲೇ ಬಿಟ್ಟರೆ ಹೊಸಬರಿಗೆ ಉಪಯೋಗ. ಅದಕ್ಕೆ ಒಂದಿಷ್ಟು ಬೆಲೆ ಕಟ್ಟಲು ಮಾಲೀಕರಿಗೆ ಕಷ್ಟವಿಲ್ಲ. ಹೀಗೆ ನೋಡಿದಾಗ ನಾವು 10 ಲಕ್ಷಕ್ಕಿಂತ ಕೆಳಗೆ ಇಳಿಯಲಾರೆವು, ಅವರು ಸುಮಾರು 12 ಲಕ್ಷಕ್ಕಿಂತ ಮೇಲೆ ಹೋಗಲಾರರು. ನಡುವೆ ಜಾಗ ಇದೆ. ಜಾಗವೇ ಇಲ್ಲದಿದ್ದರೆ ಎಷ್ಟು ಮಾತಾಡಿದರೂ ರಾಜಿ ಆಗುವುದಿಲ್ಲ. ಅದು ಮೊದಲೇ ಗೊತ್ತಾದರೆ ಒಂದು ದಿನ ಉಳಿಯುತ್ತದೆ.

ಮೂರನೆಯದು ಬೇರೆ ಬೇರೆ ಕೂರುವುದು. ಮಧ್ಯಸ್ಥರು ಒಬ್ಬರನ್ನು ಹೊರಗೆ ಕೂರಿಸಿ ಇನ್ನೊಬ್ಬರ ಜೊತೆ ಗುಟ್ಟಾಗಿ ಮಾತಾಡುತ್ತಾರೆ. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಚೆ ಹೇಳುವುದಿಲ್ಲ. ರಾಜಿ ಮುರಿದರೆ, ಆಗಲಿಲ್ಲ ಅಂತಷ್ಟೇ ಕೋರ್ಟಿಗೆ ತಿಳಿಸಬೇಕು, ಒಳಗೆ ನಡೆದದ್ದನ್ನು ಬರೆಯಬಾರದು ಅಂತ ಸುಪ್ರೀಂ ಕೋರ್ಟು 2010ರಲ್ಲಿ ಮೋತಿ ರಾಮ್ ಕೇಸಿನಲ್ಲಿ ಹೇಳಿದೆ. ಈ ಭರವಸೆ ಇದ್ದರೇ ಚೀಟಿ ಜೇಬಿನಿಂದ ಹೊರಗೆ ಬರುವುದು. ನಮ್ಮ ಮಧ್ಯಸ್ಥರು ಮರಾಠಿಯವರು. ಇಬ್ಬರ ಹತ್ತಿರವೂ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವರಿಬ್ಬರು ತಮ್ಮತಮ್ಮಲ್ಲಿ ತುಳು ಶುರು ಮಾಡಿದಾಗ ಅವರು ತಡೆಯಲಿಲ್ಲ. ಪೆನ್ನು ಕೆಳಗಿಟ್ಟು ಹಿಂದೆ ಒರಗಿ ಕೂತರು. ಒಂದು ಅಕ್ಷರ ಅರ್ಥ ಆಗದಿದ್ದರೂ ಇಪ್ಪತ್ತು ನಿಮಿಷ ಸುಮ್ಮನೆ ಕೂತರು. ಆ ಸುಮ್ಮನಿರುವಿಕೆ ನಾನು ಕಂಡ ದೊಡ್ಡ ವಿದ್ಯೆ.

ಕೊನೆಗೆ ಆದದ್ದು 11 ಲಕ್ಷಕ್ಕೆ. ಡಿಪಾಸಿಟ್ಟಿನಲ್ಲಿ ಉಳಿದ 7 ಲಕ್ಷ 80 ಸಾವಿರ, ಅಡುಗೆಮನೆಯ ಸಾಮಾನಿಗೆ 3 ಲಕ್ಷ 20 ಸಾವಿರ. ಇದರ ಜೊತೆ ಮಾಲೀಕರು ತಮ್ಮ ಲೆಟರ್‌ಹೆಡ್ಡಿನಲ್ಲಿ ಕನ್ನಡದಲ್ಲಿ ಒಂದು ಪತ್ರ ಕೊಟ್ಟರು. 'ಇವರ ಲೆಕ್ಕ ಚುಕ್ತಾ ಆಗಿದೆ. ನಮಗೆ ಯಾವ ಬಾಕಿಯೂ ಇಲ್ಲ.' ಅದಕ್ಕೆ ಅವರಿಗೆ ಒಂದು ಪೈಸೆ ಖರ್ಚಾಗಲಿಲ್ಲ. ನನ್ನ ಕಕ್ಷಿದಾರರಿಗೆ ದುಡ್ಡಿಗಿಂತ ಅದೇ ದೊಡ್ಡದಾಯಿತು. ಯಾವ ಕೋರ್ಟೂ ಅಂಥ ಪತ್ರ ಬರೆದುಕೊಡಿ ಅಂತ ಡಿಕ್ರಿ ಮಾಡುವುದಿಲ್ಲ.

ಇಲ್ಲಿ ಗಾಂಧೀಜಿಯ ನೆನಪು ಮಾಡಿಕೊಳ್ಳಬೇಕು, ಯಾಕೆಂದರೆ ಅದು ನಮ್ಮ ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಿಂದಲೇ ಶುರುವಾಗುತ್ತದೆ. ಲಂಡನ್ನಿನಿಂದ ಬಂದ ಹೊಸತರಲ್ಲಿ ಅವರಿಗೆ ಅಲ್ಲಿ ಮಮೀಬಾಯಿ ಅನ್ನುವವರ ಕೇಸು ಸಿಕ್ಕಿತು, ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ಒಂದು ಪ್ರಶ್ನೆಯೂ ಹೊರಡಲಿಲ್ಲ. ಕೂತುಬಿಟ್ಟರು, ಫೀಸು ವಾಪಸ್ ಕೊಟ್ಟರು. ಆಮೇಲೆ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಅವರ ಕೇಸಿಗಾಗಿ. ಎದುರು ಪಕ್ಷದ ತಯ್ಯಬ್ ಸೇಠ್ ಅವರ ನೆಂಟರೇ, ಒಂದೇ ಊರಿನ ವ್ಯಾಪಾರಿಗಳು. ಗಾಂಧೀಜಿ ಇಬ್ಬರನ್ನೂ ಒಪ್ಪಿಸಿ ಕೇಸನ್ನು ಆರ್ಬಿಟ್ರೇಷನ್ನಿಗೆ ತಂದರು. ದಾದಾ ಅಬ್ದುಲ್ಲಾ ಗೆದ್ದರು. ಎದುರಿನವರು ಸುಮಾರು 37,000 ಪೌಂಡ್ ಕೊಡಬೇಕಾಯಿತು. ಒಂದೇ ಸಲ ಕೇಳಿದರೆ ಅವರು ದಿವಾಳಿ. ಆಗ ಗಾಂಧೀಜಿ ಗೆದ್ದ ತಮ್ಮ ಕಕ್ಷಿದಾರರನ್ನೇ ಹಿಡಿದು, ಕಂತಿನಲ್ಲಿ ತೆಗೆದುಕೊಳ್ಳಿ ಅಂತ ಒಪ್ಪಿಸಿದರು. ಆರ್ಬಿಟ್ರೇಷನ್ನಿಗೆ ಒಪ್ಪಿಸುವುದಕ್ಕಿಂತ ಇದು ಕಷ್ಟವಾಯಿತು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗೆದ್ದ ಕಕ್ಷಿದಾರರ ಜೊತೆ ಮಾತುಕತೆ ಮಾಡುವುದೇ ಎಲ್ಲಕ್ಕಿಂತ ಕಠಿಣ. ಇದನ್ನು ನಾನು ಈ ವೃತ್ತಿಯಲ್ಲಿ ಪ್ರತಿ ವರ್ಷ ನೋಡುತ್ತೇನೆ.

ರಾಜಿ ಆದ ಸಂಜೆ ಎಲ್ಲರೂ ಕೈಕುಲುಕಿ ಹೊರಟುಬಿಡುತ್ತಾರೆ. ಆಗಲೇ ವಕೀಲರು ಎಚ್ಚರ ಇರಬೇಕು. ಮುಂಬೈ ಕೋರ್ಟುಗಳಲ್ಲಿ ನಾವು ಬರೆಯುವ ರಾಜಿಪತ್ರಕ್ಕೆ 'ಕನ್ಸೆಂಟ್ ಟರ್ಮ್ಸ್' ಅನ್ನುತ್ತೇವೆ. ಸಿವಿಲ್ ಪ್ರೊಸೀಜರ್ ಕೋಡಿನ 23ನೇ ಆರ್ಡರಿನ 3ನೇ ರೂಲ್ ಪ್ರಕಾರ ಅದು ಬರಹದಲ್ಲಿ ಇರಬೇಕು, ಪಾರ್ಟಿಗಳ ಸಹಿ ಇರಬೇಕು. 'ಆದಷ್ಟು ಬೇಗ', 'ಸೂಕ್ತ ಮೊತ್ತ' ಇಂಥ ಮಾತು ಒಂದೂ ಇರಬಾರದು. ನಮ್ಮದರಲ್ಲಿ ಹೀಗಿತ್ತು: ಬೀಗದಕೈ ಕೊಡುವ ದಿನ, ಗಂಟೆ. ಅದೇ ಹೊತ್ತಿಗೆ 10 ಲಕ್ಷದ ಡಿಮ್ಯಾಂಡ್ ಡ್ರಾಫ್ಟ್. ಉಳಿದ 1 ಲಕ್ಷ ಲೈಟ್ ಬಿಲ್ಲು, ಗ್ಯಾಸ್ ಬಿಲ್ಲು ಚುಕ್ತಾ ಆದ ರಸೀದಿ ತೋರಿಸಿದ ಏಳು ದಿನದೊಳಗೆ. ಯಾವ ಸಾಮಾನು ಅಲ್ಲೇ, ಯಾವುದು ಇವರ ಜೊತೆ ಅಂತ ಪಟ್ಟಿ. ಕಲ್ಲಿನ ಗ್ರೈಂಡರ್ ಇವರದು. ಯಾರು ಯಾರ ಮೇಲೆ ಕೊಟ್ಟ ದೂರನ್ನು ಯಾವಾಗ ಹಿಂದೆ ತೆಗೆದುಕೊಳ್ಳುವುದು. ತಪ್ಪಿದರೆ ಬಡ್ಡಿ ಎಷ್ಟು. ಸಹಿ ಹಾಕುವ ಮುಂಚೆ ಪ್ರತಿ ಸಾಲನ್ನೂ ಇಬ್ಬರಿಗೂ ಕನ್ನಡದಲ್ಲಿ ಓದಿ ಹೇಳಿದೆವು.

ಎಲ್ಲವನ್ನೂ ರಾಜಿ ಮಾಡಿಸಬೇಕು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಮೋಸ, ಸುಳ್ಳು ದಾಖಲೆಯ ಗಂಭೀರ ಆರೋಪ ಇರುವ ಕೇಸು ಕೋರ್ಟಿನಲ್ಲೇ ನಡೆಯಬೇಕು, ಆಫ್ಕಾನ್ಸ್ ತೀರ್ಪೂ ಅದನ್ನೇ ಹೇಳುತ್ತದೆ. ಹೊಡೆತ ತಿಂದ ಹೆಣ್ಣುಮಗಳು ಹೊಡೆದವನ ಎದುರಿಗೆ ಕೂತು 'ಹೂಂ' ಅಂದರೆ ಅದು ಒಪ್ಪಿಗೆಯಲ್ಲ, ಹೆದರಿಕೆ. ಮನೆಯ ಹಿರಿಯರು, ಸಂಘದ ಹಿರಿಯರು 'ಏನೋ ಹೊಂದಿಕೊಂಡು ಹೋಗಮ್ಮ' ಅಂತ ಒತ್ತಾಯ ಮಾಡಿದರೆ ಅದನ್ನು ಮಧ್ಯಸ್ಥಿಕೆ ಅಂತ ಕರೆಯಬಾರದು. ಇಂಥ ಕಡೆ ಏಳಿ, ಹೊರಗೆ ಹೋಗೋಣ ಅಂತ ಹೇಳುವ ಧೈರ್ಯ ವಕೀಲರಿಗೆ ಇರಬೇಕು.

ಫೀಸಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ತಾರೀಖಿಗೆ ಇಷ್ಟು ಅಂತ ಫೀಸು ತೆಗೆದುಕೊಳ್ಳುವ ವಕೀಲರಿಗೆ ಬೇಗ ಮುಗಿದರೆ ನಷ್ಟ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಮಾತುಕತೆಯ ತಯಾರಿಗೆ ನಾನು ಬೇರೆ ಫೀಸು ಇಟ್ಟಿದ್ದೇನೆ, ಮೊದಲೇ ಹೇಳುತ್ತೇನೆ. ಕಕ್ಷಿದಾರರು ಸಂತೋಷದಿಂದ ಕೊಡುತ್ತಾರೆ.

ಕಲಿಯಲು ಬರುವ ಹುಡುಗ ಹುಡುಗಿಯರು, ಮಧ್ಯಸ್ಥಿಕೆ ನೋಡಲು ಬರಬಹುದಾ ಅಂತ ಕೇಳುತ್ತಾರೆ. ಕೋರ್ಟಿನ ಹಾಗೆ ಹಿಂದಿನ ಬೆಂಚಿನಲ್ಲಿ ಕೂತು ನೋಡಲು ಆಗುವುದಿಲ್ಲ, ಅದು ಗುಟ್ಟಿನ ಕೋಣೆ. ಹಾಗಾಗಿ ನನ್ನ ಆಫೀಸಿನಲ್ಲಿ ಒಂದು ಅಭ್ಯಾಸ ಮಾಡಿಸುತ್ತೇನೆ. ಕಕ್ಷಿದಾರರು ಮೊದಲ ಸಲ ಬಂದಾಗ ಜೂನಿಯರ್ ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು. ಕನ್ನಡ ಆದರೆ ಕನ್ನಡ, ತುಳು ಆದರೆ ಕನ್ನಡ ಅಕ್ಷರದಲ್ಲಿ ತುಳು. ಬಲಗಡೆ ಪುಟ ದಾವೆಗೆ, ಇಂಗ್ಲಿಷಿನಲ್ಲಿ. ಮಾತುಕತೆಗೆ ಹೋಗುವ ಹಿಂದಿನ ದಿನ ನಾವು ಎಡಗಡೆ ಪುಟ ಮಾತ್ರ ಓದುತ್ತೇವೆ.

ಹೋದ ವಾರ ಅಂಧೇರಿಯಿಂದ ಒಬ್ಬ ಅಜ್ಜಿ ಬಂದಿದ್ದರು, ಸೊಸೈಟಿಯವರ ಮೇಲೆ ಸೋರಿಕೆಯ ಕೇಸು ಹಾಕಬೇಕು ಅಂತ. ಜೂನಿಯರ್ ಬಲಗಡೆ ಬರೆದದ್ದು: ಟೆರೇಸ್ ರಿಪೇರಿ, ನಷ್ಟ ಪರಿಹಾರ 2 ಲಕ್ಷ. ಎಡಗಡೆ: 'ಸೆಕ್ರೆಟರಿ ನನ್ನ ಮಗನ ವಯಸ್ಸಿನವ. ಎರಡು ಮಳೆಗಾಲ ಆಯಿತು, ಒಂದು ಸಲ ಮೇಲೆ ಬಂದು ನೋಡಲಿಲ್ಲ.' ದಾವೆ ಬರೆಯುವುದನ್ನು ನಿಲ್ಲಿಸಿದೆವು. ಸೆಕ್ರೆಟರಿಗೆ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಒಂದು ಸಲ ಅಜ್ಜಿಯ ಮನೆಗೆ ಬಂದು ಗೋಡೆ ನೋಡಿ ಹೋಗಿ ಅಂದೆವು. ಬರುತ್ತೇನೆ ಅಂದಿದ್ದಾರೆ.